ಉತ್ತರ ಪತ್ರಿಕೆಯಲ್ಲಿ ಬರೆಯದೆ ಬಿಟ್ಟದ್ದು

ನಾನು ಹನ್ನೆರಡನೇ ತರಗತಿ ಓದಿದ್ದು ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ, 2009–10ರ ಸಾಲಿನಲ್ಲಿ. ಸಿಬಿಎಸ್‌ಇ ಪಠ್ಯಕ್ರಮ. ಹುಡುಗಿಯರಿಗೆ ಬೇರೆ ಕಟ್ಟಡ, ಬೇರೆ ಗೇಟು. ಇಂಗ್ಲಿಷಿನ ‘ವಿಸ್ಟಾಸ್’ ಪುಸ್ತಕದ ಕೊನೆಗೆ ‘ಮೆಮೊರೀಸ್ ಆಫ್ ಚೈಲ್ಡ್‌ಹುಡ್’ ಎಂಬ ಪಾಠವಿತ್ತು. ಇಬ್ಬರು ಹೆಂಗಸರ ಬಾಲ್ಯದ ನೆನಪುಗಳನ್ನು ಅಲ್ಲಿ ಅಕ್ಕಪಕ್ಕ ಇಟ್ಟಿದ್ದರು. ಒಬ್ಬರು 1876ರಲ್ಲಿ ಹುಟ್ಟಿದ ಅಮೆರಿಕದ ಮೂಲನಿವಾಸಿ ಝಿಟ್‌ಕಾಲಾ-ಶಾ. ಬಿಳಿಯರ ವಸತಿಶಾಲೆಗೆ ಸೇರಿದ ಮೊದಲ ದಿನವೇ ಆ ಪುಟ್ಟ ಹುಡುಗಿಯನ್ನು ಕುರ್ಚಿಗೆ ಕಟ್ಟಿ ಜಡೆ ಕತ್ತರಿಸುತ್ತಾರೆ. ಆಕೆಯ ಜನರಲ್ಲಿ ಕೂದಲು ಕಳೆದುಕೊಂಡವರೆಂದರೆ ಸಾವಿನ ದುಃಖದಲ್ಲಿರುವವರು, ಇಲ್ಲವೇ ಶತ್ರುವಿಗೆ ಸಿಕ್ಕಿಬಿದ್ದ ಹೇಡಿಗಳು. ಇನ್ನೊಬ್ಬರು ತಮಿಳುನಾಡಿನ ದಲಿತ ಲೇಖಕಿ ಬಾಮಾ. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಒಬ್ಬ ಹಿರಿಯರು ವಡೆಯ ಪೊಟ್ಟಣವನ್ನು ದಾರದ ತುದಿಯಲ್ಲಿ ಹಿಡಿದು, ಮೈಗೆ ತಾಗದ ಹಾಗೆ ಜಮೀನುದಾರನಿಗೆ ಒಯ್ದು ಕೊಡುವುದನ್ನು ನೋಡಿ ಬಾಲಕಿ ಬಾಮಾ ನಗುತ್ತಾಳೆ. ಅದರಲ್ಲಿ ನಗುವಂಥದ್ದೇನೂ ಇಲ್ಲ, ಆ ಮನುಷ್ಯ ಮುಟ್ಟಿದರೆ ತಿಂಡಿ ಮೈಲಿಗೆಯಾಗುತ್ತದೆ ಎಂದು ಅಣ್ಣ ವಿವರಿಸಿದಾಗ ನಗು ಆರಿಹೋಗುತ್ತದೆ.

ಈ ಎರಡು ಅನುಭವಗಳಲ್ಲಿ ಸಮಾನವಾದದ್ದೇನು ಎಂದು ಟೀಚರ್ ಬರೆಯಲು ಹೇಳಿದ್ದರು. ನಾನು ಎರಡು ಪುಟ ಬರೆದೆ. ಅಮೆರಿಕದ ಬಿಳಿಯರನ್ನು ಬೈದೆ, ತಮಿಳುನಾಡಿನ ಮೇಲ್ಜಾತಿಯವರನ್ನು ಬೈದೆ. ಒಳ್ಳೆಯ ಅಂಕ ಬಂತು. ಆ ಎರಡು ಪುಟಗಳಲ್ಲಿ ನಾನು ಬದುಕುತ್ತಿದ್ದ ಊರಿನ ಬಗ್ಗೆ ಒಂದು ಸಾಲೂ ಇರಲಿಲ್ಲ, ನನ್ನ ಮನೆಯ ಬಗ್ಗೆಯೂ ಇರಲಿಲ್ಲ. ಹದಿನೈದು ವರ್ಷ ಕಳೆದ ಮೇಲೂ ನನ್ನನ್ನು ಚುಚ್ಚುವುದು ಅದೇ.

ಹೇಳುವುದಕ್ಕೆ ವಿಷಯ ಇರಲಿಲ್ಲ ಎಂದಲ್ಲ. ಆಗ ಸೌದಿಯಲ್ಲಿ ವಾರದ ರಜೆ ಗುರುವಾರ ಮತ್ತು ಶುಕ್ರವಾರ. ಗುರುವಾರ ಬೆಳಿಗ್ಗೆ ಅಪ್ಪ ‘ಅರಬ್ ನ್ಯೂಸ್’ ಪತ್ರಿಕೆಯನ್ನು ನೆಲದ ಮೇಲೆ ಹರಡಿಕೊಂಡು ಓದುತ್ತಿದ್ದರು. ಅದರಲ್ಲಿ ಆಗಾಗ ಬರುತ್ತಿದ್ದ ಹೆಸರುಗಳು ಫಾತಿಮಾ ಮತ್ತು ಮನ್ಸೂರ್ ಅಲ್-ತಿಮಾನಿ. ತಂದೆಯ ಒಪ್ಪಿಗೆಯಿಂದಲೇ 2003ರಲ್ಲಿ ಮದುವೆಯಾದ ಗಂಡ ಹೆಂಡತಿ. ತಂದೆ ತೀರಿಕೊಂಡ ಮೇಲೆ ಫಾತಿಮಾಳ ಮಲ ಅಣ್ಣಂದಿರು ನ್ಯಾಯಾಲಯಕ್ಕೆ ಹೋದರು. ಮನ್ಸೂರನ ಕುಲ ನಮ್ಮದಕ್ಕಿಂತ ಕೀಳು, ಅವನು ಅದನ್ನು ಮುಚ್ಚಿಟ್ಟು ಮದುವೆಯಾಗಿದ್ದಾನೆ, ಈ ಸಂಬಂಧದಿಂದ ಮನೆತನದ ಮಾನ ಹೋಗುತ್ತಿದೆ ಎಂಬುದು ಅವರ ವಾದ. 2005ರಲ್ಲಿ ಉತ್ತರದ ಅಲ್-ಜೌಫ್‌ನ ನ್ಯಾಯಾಧೀಶರು ಮದುವೆಯನ್ನು ರದ್ದುಮಾಡಿದರು. ಗಂಡನಾಗಲಿ ಹೆಂಡತಿಯಾಗಲಿ ಬಿಡುಗಡೆ ಬೇಡಿರಲಿಲ್ಲ, ಇಬ್ಬರು ಮಕ್ಕಳಿದ್ದರು. 2007ರಲ್ಲಿ ರಿಯಾದ್‌ನ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನೇ ಎತ್ತಿಹಿಡಿಯಿತು.

ಅಣ್ಣಂದಿರ ಮನೆಗೆ ಹೋಗುವುದಿಲ್ಲ ಎಂದು ಫಾತಿಮಾ ಹಟ ಹಿಡಿದಳು. ಗಂಡನ ಜೊತೆ ಇದ್ದರೆ ಕಾನೂನಿನ ಕಣ್ಣಲ್ಲಿ ಅದು ಅಪರಾಧ. ಉಳಿದ ದಾರಿ ಒಂದೇ. ಆಕೆ ಜೈಲನ್ನು ಆರಿಸಿಕೊಂಡಳು. ಅನಂತರ ಎಳೆಯ ಮಗನನ್ನು ಕಟ್ಟಿಕೊಂಡು ಸರ್ಕಾರದ ಆಶ್ರಯ ಕೇಂದ್ರದಲ್ಲಿ ವರ್ಷಗಟ್ಟಲೆ ಉಳಿದಳು. ಆ ಜೈಲು, ಆ ಆಶ್ರಯ ಕೇಂದ್ರ ಎರಡೂ ಇದ್ದದ್ದು ದಮ್ಮಾಮ್‌ನಲ್ಲಿ. ನಾನು ಝಿಟ್‌ಕಾಲಾ-ಶಾಳ ಜಡೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದ ಅದೇ ಊರಿನಲ್ಲಿ.

ಈ ಪ್ರಕರಣದ ಬುಡದಲ್ಲಿರುವ ಪದ ‘ಕಫಾಅತ್’, ಅಂದರೆ ಸರಿಜೋಡಿ. ಹೆಣ್ಣಿಗೆ ಗಂಡು ಸರಿಸಮನಾಗಿರಬೇಕು ಎಂಬ ಈ ಮಾತು ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಹಳೆಯದು. ಯಾವುದರಲ್ಲಿ ಸಮನಾಗಿರಬೇಕು ಎಂಬಲ್ಲಿ ಪಂಥಗಳು ಬೇರೆಯಾಗುತ್ತವೆ. ಮಾಲಿಕಿಗಳು ಮುಖ್ಯವಾಗಿ ಧರ್ಮನಿಷ್ಠೆಯನ್ನು ನೋಡಿದರೆ, ಹನಫಿ, ಶಾಫಿ, ಹಂಬಲಿ ಗ್ರಂಥಗಳಲ್ಲಿ ವಂಶವೂ ಲೆಕ್ಕಕ್ಕೆ ಬಂದಿದೆ. ನಜ್ದ್ ಪ್ರಾಂತದ ಆಡುಮಾತಿನಲ್ಲಿ ವಂಶಾವಳಿ ಹೇಳಬಲ್ಲ ಬುಡಕಟ್ಟಿನವರು ‘ಕಬೀಲಿ’ಗಳು, ಹಾಗೆ ಹೇಳಲಾಗದವರು ‘ಖದೀರಿ’ಗಳು. ಕಮ್ಮಾರಿಕೆಯಂಥ ಕೈಕೆಲಸದ ಮನೆತನಗಳು ಎರಡನೆಯ ಗುಂಪಿಗೆ ಸೇರುತ್ತವೆ. ಎರಡೂ ಕಡೆಯವರು ಒಂದೇ ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡುತ್ತಾರೆ, ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಹೆಣ್ಣು ಕೊಡುವ ಮಾತು ಬಂದಾಗ ಮಾತ್ರ ಗೋಡೆ ಏಳುತ್ತದೆ. ಕರ್ನಾಟಕದ ಓದುಗರಿಗೆ ಇದನ್ನು ಇನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ವಧೂವರರ ಜಾಹೀರಾತಿನ ಪುಟವನ್ನು ಒಮ್ಮೆ ತೆರೆದರೆ ಸಾಕು.

ಆದರೆ ನನಗೆ ಅರ್ಥವಾಗಲು ಬಹಳ ವರ್ಷ ಹಿಡಿದ ಸಂಗತಿ ಬೇರೆಯೇ ಇದೆ. ಅಣ್ಣಂದಿರು ನ್ಯಾಯಾಲಯಕ್ಕೆ ಹೋಗಲು ಸಾಧ್ಯವಾದದ್ದು ಹೇಗೆ? ತಂದೆ ಸತ್ತ ಮೇಲೆ ಅವರು ಫಾತಿಮಾಳ ‘ವಲಿ’ಗಳಾಗಿದ್ದರು, ಅಂದರೆ ಪೋಷಕರು. ಸೌದಿಯಲ್ಲಿ ಹೆಣ್ಣಿನ ಮದುವೆಗೆ ಗಂಡು ಪೋಷಕನ ಒಪ್ಪಿಗೆ ಬೇಕು. 2022ರಲ್ಲಿ ಬಂದ ಹೊಸ ಕೌಟುಂಬಿಕ ಕಾನೂನಿನಲ್ಲಿಯೂ ಅದು ಉಳಿದಿದೆ. ಹೆಣ್ಣಿನ ಮೇಲೆ ಗಂಡಿಗೆ ಕೊಟ್ಟ ಆ ಅಧಿಕಾರ ಇಲ್ಲದಿದ್ದರೆ ಕುಲದ ಮೇಲು ಕೀಳನ್ನು ಕಾಯುವುದು ಕಷ್ಟವಾಗುತ್ತಿತ್ತು. ಕುಲ ಕಾಯುವ ಬಾಗಿಲು ಹೆಣ್ಣಿನ ಮೈಯಲ್ಲಿದೆ, ಆ ಬಾಗಿಲ ಬೀಗದ ಕೈ ಅಣ್ಣನ ಜೇಬಿನಲ್ಲಿದೆ.

ನಮ್ಮ ಪಠ್ಯದಲ್ಲಿ ಇವು ಎರಡು ಬೇರೆ ಪಾಠಗಳಾಗಿದ್ದವು. ಬಣ್ಣ ಮತ್ತು ಜಾತಿಗೆ ‘ವಿಸ್ಟಾಸ್’. ಹೆಣ್ಣಿನ ಪಾಡಿಗೆ ‘ಫ್ಲೆಮಿಂಗೊ’ ಎಂಬ ಇನ್ನೊಂದು ಪುಸ್ತಕ, ಅದರಲ್ಲಿ ಏಡ್ರಿಯನ್ ರಿಚ್ ಅವರ ‘ಆಂಟ್ ಜೆನಿಫರ್ಸ್ ಟೈಗರ್ಸ್’ ಕವಿತೆ. ಮದುವೆಯ ಉಂಗುರದ ಭಾರಕ್ಕೆ ಬೆರಳು ನಡುಗುವ ಚಿಕ್ಕಮ್ಮ ಬಟ್ಟೆಯ ಮೇಲೆ ಹೆದರಿಕೆಯಿಲ್ಲದ ಹುಲಿಗಳನ್ನು ಕಸೂತಿ ಹಾಕುತ್ತಾಳೆ. ಅದಕ್ಕೂ ಪ್ರಶ್ನೆ ಬಂತು, ಅದಕ್ಕೂ ಉತ್ತರ ಬರೆದೆ. ಒಂದನ್ನು ಓದುವಾಗ ಇನ್ನೊಂದನ್ನು ನೆನೆಯಬೇಕೆಂದು ನನಗೆ ಹೊಳೆಯಲಿಲ್ಲ. ಬಾಮಾ ದಲಿತಳಾಗಿದ್ದಂತೆಯೇ ಹುಡುಗಿಯೂ ಆಗಿದ್ದರು ಎಂಬುದು ಕೂಡ ಹೊಳೆಯಲಿಲ್ಲ.

ಫಾತಿಮಾಳ ಕಥೆಗೆ ಹತ್ತಿರವಾದ ಪುಸ್ತಕವೊಂದು ನಮ್ಮ ಮನೆಯಲ್ಲೇ ಇತ್ತು. ಮಂಗಳೂರಿನಿಂದ ಬರುವಾಗ ಅಮ್ಮ ಬಟ್ಟೆಗಳ ನಡುವೆ ಇಟ್ಟು ತಂದಿದ್ದ ‘ಚಂದ್ರಗಿರಿಯ ತೀರದಲ್ಲಿ’. ಕಾಸರಗೋಡಿನಲ್ಲಿ ಕನ್ನಡ ಓದಿದ ಸಾರಾ ಅಬೂಬಕ್ಕರ್ 80ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಗೆ ಬರೆದ ಕಾದಂಬರಿ ಅದು. ಅಲ್ಲಿಯೂ ಗಂಡನಿಗೆ ಹೆಂಡತಿ ಬೇಕು, ಹೆಂಡತಿಗೆ ಗಂಡ ಬೇಕು. ತಂದೆಯ ಹಟಕ್ಕೆ ಸಂಸಾರ ಒಡೆಯುತ್ತದೆ. ನಾದಿರಾಳನ್ನು ಯಾರೂ ಏನನ್ನೂ ಕೇಳುವುದಿಲ್ಲ. ಅಮ್ಮ ಅದನ್ನು ಎರಡು ಮೂರು ಸಲ ಓದಿದ್ದರು. ಪರೀಕ್ಷೆಗೆ ಬರುವ ಪುಸ್ತಕವಲ್ಲ ಎಂದು ನಾನು ಮುಟ್ಟಿರಲಿಲ್ಲ. ಆ ವರ್ಷ ನಾನು ಓದಬೇಕಾಗಿದ್ದ ಮೊದಲ ಪಾಠ ಅದೇ ಆಗಿತ್ತು ಎಂದು ಈಗ ಅನಿಸುತ್ತದೆ.

ಬಣ್ಣದ ಮಾತಿಗೆ ಬರುತ್ತೇನೆ. ಸೌದಿ ಅರೇಬಿಯಾ ಗುಲಾಮಗಿರಿಯನ್ನು ಕಾನೂನಿನ ಮೂಲಕ ನಿಷೇಧಿಸಿದ್ದು 1962ರಲ್ಲಿ, ಆಗ ಯುವರಾಜರಾಗಿದ್ದ ಫೈಸಲ್ ಅವರ ಕಾಲದಲ್ಲಿ. ಬಹಳ ಹಿಂದಿನ ಮಾತಲ್ಲ, ಆಗ ನನ್ನ ಅಜ್ಜಿಗೆ ಮದುವೆಯಾಗಿತ್ತು. ಆಫ್ರಿಕಾ ಮೂಲದ ಸೌದಿಗಳು ಈಗಲೂ ಕೇಳಬೇಕಾಗುವ ಬೈಗುಳ ‘ಅಬ್ದ್’, ಗುಲಾಮ ಎಂದರ್ಥ. ಇದೇ ನೆಲದಲ್ಲಿ ಇಸ್ಲಾಮಿನ ಮೊದಲ ಅಜಾನ್ ಕೂಗಿದವರು ಬಿಲಾಲ್. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ, ಅಬಿಸೀನಿಯಾ ಮೂಲದ ಕಪ್ಪು ಮನುಷ್ಯ. 1964ರಲ್ಲಿ ಹಜ್‌ಗೆ ಬಂದ ಅಮೆರಿಕದ ಮಾಲ್ಕಂ ಎಕ್ಸ್, ಎಲ್ಲ ಬಣ್ಣದವರೂ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಕಂಡು ಬಿಳಿಯರ ಬಗ್ಗೆ ತನ್ನ ನಿಲುವನ್ನೇ ಬದಲಿಸಿಕೊಂಡು ಊರಿಗೆ ಪತ್ರ ಬರೆದರು. ಆ ಪತ್ರದ ಮಾತೂ ಸುಳ್ಳಲ್ಲ, ಆ ಬೈಗುಳವೂ ಸುಳ್ಳಲ್ಲ. 2008ರಲ್ಲಿ ದೊರೆ ಅಬ್ದುಲ್ಲಾ ಅವರು ಆದಿಲ್ ಅಲ್-ಕಲ್ಬಾನಿ ಎಂಬ ಕಪ್ಪು ವರ್ಣದ ಇಮಾಮರನ್ನು ಮೆಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ ರಂಜಾನ್ ನಮಾಜಿನ ನೇತೃತ್ವಕ್ಕೆ ಆರಿಸಿದರು. ಬಿಲಾಲರ ಊರಿನಲ್ಲಿ ಅದು ಲೋಕವೆಲ್ಲ ಮಾತಾಡುವ ಸುದ್ದಿಯಾಯಿತು. ಸುದ್ದಿಯಾಗುವಷ್ಟು ಅಪರೂಪವಾಗಿತ್ತು ಎಂಬುದೇ ಆ ಸುದ್ದಿಯ ಒಳಗಿನ ಸುದ್ದಿ.

ತಾರತಮ್ಯ ಅರಬ್ಬರ ಸ್ವತ್ತು ಎಂದು ಯಾರೂ ತಿಳಿಯಬಾರದು. ದಮ್ಮಾಮ್‌ಗೆ ಅಂಟಿಕೊಂಡಂತೆ ದಹ್ರಾನ್ ಇದೆ. ಅಲ್ಲಿನ ‘ದಮ್ಮಾಮ್ 7’ ಬಾವಿಯಲ್ಲಿ 1938ರ ಮಾರ್ಚ್‌ನಲ್ಲಿ ತೈಲ ಚಿಮ್ಮಿದ ಮೇಲೆ ಅಮೆರಿಕದ ಕಂಪನಿ ಊರು ಕಟ್ಟಿತು. ಅಮೆರಿಕನ್ನರಿಗೆ ಹುಲ್ಲುಹಾಸು, ಈಜುಕೊಳ, ಹವಾನಿಯಂತ್ರಿತ ಮನೆ. ಸೌದಿ ಕೆಲಸಗಾರರಿಗೆ ಬೇಲಿಯಾಚೆ ಖರ್ಜೂರದ ಗರಿಯ ಗುಡಿಸಲು. ಭಾರತೀಯರು, ಇಟಲಿಯವರು ನಡುವಿನ ಕ್ಯಾಂಪಿನಲ್ಲಿ. ಅಮೆರಿಕದ ಗಣಿ ಊರುಗಳಲ್ಲಿ ಕರಿಯರಿಗೂ ಮೆಕ್ಸಿಕನ್ನರಿಗೂ ಮಾಡಿಟ್ಟಿದ್ದ ವ್ಯವಸ್ಥೆಯನ್ನೇ ಕಂಪನಿಗಳು ಅರಬ್ ಮರಳಿಗೆ ತಂದವು ಎಂದು ರಾಜ್ಯಶಾಸ್ತ್ರಜ್ಞ ರಾಬರ್ಟ್ ವಿಟಾಲಿಸ್ 2007ರ ‘ಅಮೆರಿಕಾಸ್ ಕಿಂಗ್‌ಡಮ್’ ಪುಸ್ತಕದಲ್ಲಿ ತೋರಿಸಿದ್ದಾರೆ. 1953ರಲ್ಲಿ ಸುಮಾರು 13,000 ಕೆಲಸಗಾರರು ಮುಷ್ಕರ ಹೂಡಿದರು. 1956ರಲ್ಲಿ ಮತ್ತೆ ಮುಷ್ಕರವಾಯಿತು, ದೊರೆ ಸೌದ್ ಮುಷ್ಕರಗಳನ್ನೇ ನಿಷೇಧಿಸಿದರು.

ಗುಡಿಸಲಿನಿಂದ ಎದ್ದು ನಿಂತು ಸಮಾನ ಮನೆ, ಸಮಾನ ಗೌರವ ಕೇಳಿದವರ ಮೊಮ್ಮಕ್ಕಳ ಕಾಲದಲ್ಲಿ ನಾನು ಅಲ್ಲಿದ್ದೆ. ಆಗ ಏಣಿ ಹಾಗೆಯೇ ಇತ್ತು, ಮೆಟ್ಟಿಲುಗಳ ಮೇಲೆ ನಿಂತವರು ಬದಲಾಗಿದ್ದರು. ಒಂದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ಎಂಬುದು ಕೊಲ್ಲಿಯಲ್ಲಿ ದುಡಿದ ಪ್ರತಿಯೊಬ್ಬ ಕರಾವಳಿಯವನಿಗೂ ಗೊತ್ತು. ಅಪ್ಪನ ಕಂಪನಿಯಲ್ಲೂ ಹಾಗೇ. ನಮ್ಮ ಮನೆಯಲ್ಲಿ ಯಾರೂ ಅದನ್ನು ಅನ್ಯಾಯ ಎಂದು ಕರೆದ ನೆನಪಿಲ್ಲ. “ಇಲ್ಲಿ ಹಾಗೇ” ಎನ್ನುತ್ತಿದ್ದರು. ಅರಬ್ಬಿಯಲ್ಲಿ ‘ರಫೀಕ್’ ಎಂದರೆ ಜೊತೆಗಾರ, ಎಂಥ ಚೆಂದದ ಮಾತು. ಆದರೆ ಅಂಗಡಿಯಲ್ಲಿ, ರಸ್ತೆಯಲ್ಲಿ, ನಮ್ಮ ಕಡೆಯ ಕೂಲಿಯವನನ್ನು ಹೆಸರಿಲ್ಲದೆ ಕೂಗುವ ಮಾತಾಗಿ ಅದು ಸವೆದುಹೋಗಿತ್ತು. ಅಪ್ಪನನ್ನು ಯಾರಾದರೂ ಹಾಗೆ ಕೂಗಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಅದೇ ನಾವು ಕಸ ಒಯ್ಯುವವರನ್ನೆಲ್ಲ, ಯಾವ ದೇಶದವರೇ ಇರಲಿ, ‘ಬಂಗಾಳಿ’ ಎಂದು ಕರೆಯುತ್ತಿದ್ದೆವು. ಆಗ ಕಿವಿ ಬಿಸಿಯಾಗುತ್ತಿರಲಿಲ್ಲ. ಬಾಮಾ ಮೊದಲು ನಕ್ಕರು, ಆಮೇಲೆ ಅಣ್ಣನಿಂದ ತಿಳಿದುಕೊಂಡರು. ನಾನು ಪಾಠ ಓದಿದ ಮೇಲೂ ನಗುವವರ ಸಾಲಿನಲ್ಲೇ ಇದ್ದೆ.

ನಮ್ಮ ಕಟ್ಟಡದ ಮೇಲಿನ ಮಹಡಿಯ ಮನೆಯಲ್ಲಿ ಇಥಿಯೋಪಿಯಾದ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ನಮ್ಮವರೆಲ್ಲ ಅಂಥವರನ್ನು ಕರೆಯುತ್ತಿದ್ದದ್ದು ‘ಖದ್ದಾಮಾ’ ಎಂದು, ಅಂದರೆ ಮನೆಗೆಲಸದವಳು. ಬೆಳಿಗ್ಗೆ ನಾನು ಶಾಲೆಯ ಬಸ್ಸಿಗೆ ಇಳಿಯುವಾಗ ಆಕೆ ಮೆಟ್ಟಿಲು ಒರೆಸುತ್ತಿರುತ್ತಿದ್ದಳು, ರಾತ್ರಿ ನಾನು ಪುಸ್ತಕ ಮುಚ್ಚುವಾಗಲೂ ಮೇಲೆ ಪಾತ್ರೆಯ ಸದ್ದು ಕೇಳುತ್ತಿತ್ತು. ಆಕೆಯಲ್ಲಿ ಎಲ್ಲವೂ ಒಟ್ಟಿಗೆ ಸೇರಿದ್ದವು: ಕಪ್ಪು ಮೈ, ಹೆಣ್ಣು ಜನ್ಮ, ಬಡ ದೇಶದ ಪಾಸ್‌ಪೋರ್ಟು, ಆ ಪಾಸ್‌ಪೋರ್ಟು ಇನ್ನೊಬ್ಬರ ಕಪಾಟಿನಲ್ಲಿ. ‘ಕಫಾಲಾ’ ಎಂಬ ಪ್ರಾಯೋಜಕ ಪದ್ಧತಿ ಕೆಲಸಗಾರರ ಇಕಾಮಾವನ್ನು, ಅಂದರೆ ವಾಸದ ಪರವಾನಗಿಯನ್ನು, ಮಾಲೀಕನಾದ ಕಫೀಲನಿಗೆ ಕಟ್ಟಿಹಾಕುತ್ತಿತ್ತು. ಅವನ ಒಪ್ಪಿಗೆ ಇಲ್ಲದೆ ಆಗ ಕೆಲಸ ಬಿಡುವಂತಿರಲಿಲ್ಲ, ದೇಶ ಬಿಡುವಂತಿರಲಿಲ್ಲ. ಓಡಿಹೋದರೆ ‘ಹುರೂಬ್’ ಎಂದು ದೂರು ಬೀಳುತ್ತಿತ್ತು, ಓಡಿದವಳೇ ಅಪರಾಧಿಯಾಗುತ್ತಿದ್ದಳು. ಹೊರಗೆ ದುಡಿಯುವ ನನ್ನ ಅಪ್ಪನಿಗೆ ಕಾರ್ಮಿಕ ಕಾನೂನಿನ ಆಸರೆ ಅಷ್ಟೋ ಇಷ್ಟೋ ಇತ್ತು. ಮನೆಗೆಲಸದವರು ಆ ಕಾನೂನಿನ ವ್ಯಾಪ್ತಿಗೇ ಬರುತ್ತಿರಲಿಲ್ಲ. ದಿನಕ್ಕೆ 9 ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ ಎಂಬ ಪ್ರತ್ಯೇಕ ನಿಯಮ ಬಂದದ್ದು 2013ರಲ್ಲಿ. 2021ರ ಮಾರ್ಚ್ 14ರಿಂದ ಕಫೀಲನ ಒಪ್ಪಿಗೆ ಇಲ್ಲದೆಯೂ ಕೆಲಸ ಬದಲಿಸುವ, ಊರಿಗೆ ಹೋಗಿಬರುವ ಅವಕಾಶವನ್ನು ಸೌದಿ ಸರ್ಕಾರ ಕೊಟ್ಟಿತು. ಮನೆಗೆಲಸದವರು, ಮನೆಯ ಚಾಲಕರು, ಕುರಿ ಕಾಯುವವರು, ತೋಟದವರು ಆ ಸುಧಾರಣೆಯಿಂದ ಹೊರಗುಳಿದರು. ಮನೆಗೆಲಸದವರನ್ನು ಕರೆಸಿಕೊಳ್ಳಲು ಸರ್ಕಾರವೇ ನಡೆಸುವ ‘ಮುಸಾನದ್’ ವೇದಿಕೆಯಲ್ಲಿ ಗರಿಷ್ಠ ನೇಮಕಾತಿ ಶುಲ್ಕವನ್ನು ದೇಶವಾರು ಗೊತ್ತುಮಾಡಲಾಗಿದೆ. ಇಥಿಯೋಪಿಯಾದ ಹೆಂಗಸಿಗೆ ಗೊತ್ತುಮಾಡಿದ್ದು ಫಿಲಿಪ್ಪೀನ್ಸಿನ ಹೆಂಗಸಿಗೆ ಗೊತ್ತುಮಾಡಿದ್ದರ ಅರ್ಧಕ್ಕಿಂತ ಕಡಿಮೆ.

ಇದು ದೂರದ ಆಫ್ರಿಕಾದ ಹೆಂಗಸರ ಕಥೆಯಷ್ಟೇ ಆಗಿದ್ದರೆ ಕನ್ನಡದ ಪತ್ರಿಕೆಯಲ್ಲಿ ಇಷ್ಟು ಬರೆಯುತ್ತಿರಲಿಲ್ಲವೇನೋ. 2016ರಲ್ಲಿ ಉಡುಪಿ ಜಿಲ್ಲೆಯ ಒಬ್ಬ ತಾಯಿಯನ್ನು ಕತಾರ್‌ನಲ್ಲಿ ಕೆಲಸ ಎಂದು ನಂಬಿಸಿ ಏಜೆಂಟರು ಸೌದಿಯ ಯಾನ್ಬುಗೆ ಸಾಗಿಸಿದರು. ಪಾಸ್‌ಪೋರ್ಟ್ ಕಿತ್ತುಕೊಂಡು ಮನೆಗೆಲಸಕ್ಕೆ ದೂಡಿದರು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನಭಾಗ್ ಅವರು ಬಿಡದೆ ಬೆನ್ನುಹತ್ತಿದ ಮೇಲೆ 2017ರಲ್ಲಿ ಆಕೆ ಊರು ಸೇರಿದರು. ಇಂಥದ್ದನ್ನು ತಡೆಯಲು ಭಾರತ ಸರ್ಕಾರ ಮಾಡಿರುವ ನಿಯಮವೊಂದಿದೆ. 30 ವರ್ಷ ತುಂಬದ ಹೆಂಗಸು ಸೌದಿಯಂಥ, ವಲಸೆ ಪರಿಶೀಲನೆ ಕಡ್ಡಾಯವಿರುವ ದೇಶಗಳಿಗೆ ಮನೆಗೆಲಸಕ್ಕೆ ಹೋಗುವಂತಿಲ್ಲ. ಅದೇ ವಯಸ್ಸಿನ ಗಂಡಸಿಗೆ ಈ ತಡೆ ಇಲ್ಲ. ಕಾಳಜಿಯಿಂದ ಮಾಡಿದ ನಿಯಮ ಎಂದು ಒಪ್ಪುತ್ತೇನೆ. ಆದರೆ ಬಡತನ ವಯಸ್ಸು ಕೇಳಿ ಬರುವುದಿಲ್ಲ. ಮುಂಬಾಗಿಲು ಮುಚ್ಚಿದರೆ ಹೊಟ್ಟೆಪಾಡಿನ ಹೆಂಗಸು ಏಜೆಂಟನ ಹಿಂಬಾಗಿಲು ಹುಡುಕುತ್ತಾಳೆ, ಪ್ರವಾಸಿ ವೀಸಾದಲ್ಲಿ ಹೋಗುತ್ತಾಳೆ, ಆಗ ರಾಯಭಾರ ಕಚೇರಿಯ ಯಾವ ಕಡತದಲ್ಲೂ ಅವಳ ಹೆಸರಿರುವುದಿಲ್ಲ. ಅಣ್ಣ ಮಾಡುವ ಕಾವಲನ್ನು ಇಲ್ಲಿ ಸರ್ಕಾರ ಮಾಡುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಸೌದಿ ಬದಲಾಗಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಾನಿದ್ದಾಗ ಅಮ್ಮ ಆಸ್ಪತ್ರೆಗೆ ಹೋಗಬೇಕೆಂದರೆ ಅಪ್ಪನ ಡ್ಯೂಟಿ ಮುಗಿಯುವವರೆಗೆ ಕಾಯಬೇಕಾಗಿತ್ತು. 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸುತ್ತಿದ್ದಾರೆ. 2019ರ ಆಗಸ್ಟ್‌ನಿಂದ 21 ತುಂಬಿದ ಸೌದಿ ಹೆಣ್ಣು ಪೋಷಕನ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಪಡೆದು ವಿಮಾನ ಹತ್ತಬಹುದು. ದಮ್ಮಾಮ್‌ನಲ್ಲೇ ಉಳಿದಿರುವ ನನ್ನ ಸಹಪಾಠಿ ಈಗ ಮಗಳನ್ನು ತಾನೇ ಶಾಲೆಗೆ ಬಿಡುತ್ತಾಳೆ. ಆದರೆ ಇವು ಮೇಲಿನಿಂದ ಸುರಿದ ವರಗಳಲ್ಲ. 1990ರ ನವೆಂಬರ್ 6ರಂದು ರಿಯಾದ್‌ನ ರಸ್ತೆಗಳಲ್ಲಿ 47 ಹೆಂಗಸರು ಕಾರಿನಲ್ಲಿ ಮೆರವಣಿಗೆ ಹೊರಟು ಕೆಲಸ, ಮಾನ ಎರಡನ್ನೂ ಪಣಕ್ಕಿಟ್ಟರು. 2011ರಲ್ಲಿ ನಮ್ಮ ಪಕ್ಕದ ಊರು ಅಲ್-ಖೋಬರ್‌ನಲ್ಲಿ ಮನಾಲ್ ಅಲ್-ಶರೀಫ್ ಕಾರು ಓಡಿಸಿ ಜೈಲು ಸೇರಿದರು. ಹಕ್ಕು ಬರುವುದಕ್ಕೆ ಕೆಲವೇ ವಾರ ಮೊದಲು, 2018ರ ಮೇನಲ್ಲಿ, ಅದನ್ನು ಕೇಳುತ್ತ ಬಂದಿದ್ದ ಲುಜೈನ್ ಅಲ್-ಹತ್‌ಲೂಲ್ ಅವರನ್ನು ಬಂಧಿಸಲಾಯಿತು. ಅವರು ಹೊರಬಂದದ್ದು 2021ರ ಫೆಬ್ರುವರಿಯಲ್ಲಿ. ಕಾರಿನ ಬೀಗದ ಕೈ ಸಿಕ್ಕ ಸೌದಿ ಮಹಿಳೆಯ ಮನೆಯಲ್ಲಿ ಮೆಟ್ಟಿಲು ಒರೆಸುವವಳಿಗೆ ಈ ಬದಲಾವಣೆ ಎಷ್ಟು ತಲುಪಿತು ಎಂದೂ ಕೇಳಬೇಕು. ಹೆಣ್ಣಿನ ಬಿಡುಗಡೆಯ ಮಾತಿನಲ್ಲಿ ಯಾವ ಹೆಣ್ಣು ಎಂಬ ಪ್ರಶ್ನೆ ಸೇರದಿದ್ದರೆ ಲೆಕ್ಕ ಅರ್ಧದಲ್ಲೇ ನಿಲ್ಲುತ್ತದೆ.

ಈ ಅಂಕಣ ಓದುತ್ತಿರುವ ಅಧ್ಯಾಪಕರಲ್ಲಿ, ಸೌದಿಯ ಜುಬೈಲ್‌ನಲ್ಲಿರಲಿ, ಮಂಗಳೂರಿನಲ್ಲಿರಲಿ, ಮಂಡ್ಯದಲ್ಲಿರಲಿ, ನನ್ನದೊಂದು ಕೋರಿಕೆ ಇದೆ. ಝಿಟ್‌ಕಾಲಾ-ಶಾ ಮತ್ತು ಬಾಮಾ ಪಾಠ ಮುಗಿದ ದಿನ ಪುಸ್ತಕದ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಕೇಳಿ. ನಿನ್ನ ಮನೆಯಲ್ಲಿ, ನಿನ್ನ ಬೀದಿಯಲ್ಲಿ, ಯಾರ ಕೈ ತಾಗದಂತೆ ಪೊಟ್ಟಣ ಹಿಡಿಯುತ್ತಾರೆ, ಯಾರ ಮದುವೆಗೆ ಯಾರ ಒಪ್ಪಿಗೆ ಬೇಕು, ಯಾರನ್ನು ಹೆಸರಿಲ್ಲದೆ ಕೂಗುತ್ತಾರೆ ಎಂದು ಬರೆದುಕೊಂಡು ಬರಲು ಹೇಳಿ. ಅದಕ್ಕೆ ಅಂಕ ಕೊಡಬೇಡಿ. ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದೂ ಬೇಡ, ಕೆಲವು ಮಕ್ಕಳು ಬರೆಯುವುದು ಅವರದೇ ಗಾಯವಾಗಿರುತ್ತದೆ. ನೀವೊಬ್ಬರು ಓದಿದರೆ ಸಾಕು.

ಫಾತಿಮಾ ಮತ್ತು ಮನ್ಸೂರ್ ಅವರ ಮದುವೆ ಊರ್ಜಿತ ಎಂದು ಸೌದಿಯ ಅತ್ಯುನ್ನತ ನ್ಯಾಯಪೀಠ ತೀರ್ಪು ಕೊಟ್ಟದ್ದು 2010ರ ಜನವರಿಯಲ್ಲಿ. ನನ್ನ ಬೋರ್ಡ್ ಪರೀಕ್ಷೆಗೆ ಆಗ ಸುಮಾರು ಒಂದು ತಿಂಗಳಿತ್ತು.